ಗುಳಿಗೆಯ ಬೆಲೆ ಬರೆಯುವವರು

(ಬೀಳಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



2021ರ ನವೆಂಬರಿನಲ್ಲಿ ಅಮೆರಿಕದ ಔಷಧ ಅಂಗಡಿಗಳಿಗೆ ಒಂದು ಇನ್ಸುಲಿನ್ ಎರಡು ಹೊಸ ಡಬ್ಬಿಗಳಲ್ಲಿ ಬಂತು. ದಿನಕ್ಕೊಮ್ಮೆ ಚುಚ್ಚಿಕೊಳ್ಳುವ ಗ್ಲಾರ್ಜಿನ್ ಅದು. ತಯಾರಿಸಿದ್ದು ಬೆಂಗಳೂರಿನ ಬಯೋಕಾನ್ ಬಳಗ, ಅಲ್ಲಿ ಮಾರಿದ್ದು ವಿಯಾಟ್ರಿಸ್ ಎಂಬ ಕಂಪನಿ. ಸೆಮ್‌ಗ್ಲೀ ಎಂದು ಹೆಸರು ಅಚ್ಚು ಹಾಕಿದ ಐದು ಪೆನ್ನುಗಳ ಡಬ್ಬಿಗೆ 404 ಡಾಲರ್. ಆ ಹೆಸರಿಲ್ಲದ, ಒಳಗೆ ಅದೇ ಔಷಧವಿರುವ ಐದು ಪೆನ್ನುಗಳ ಡಬ್ಬಿಗೆ 148 ಡಾಲರ್. ಎರಡನ್ನೂ ಅದೇ ಕಂಪನಿ ಒಟ್ಟಿಗೇ ಮಾರುಕಟ್ಟೆಗೆ ಬಿಟ್ಟಿತು.

148ಕ್ಕೆ ಸಿಗುವುದನ್ನು 404 ಕೊಟ್ಟು ಯಾರು ಕೊಳ್ಳುತ್ತಾರೆ? ಅಮೆರಿಕದಲ್ಲಿ ವಿಮೆಯವರು ಯಾವ ಔಷಧಕ್ಕೆ ಹಣ ಕೊಡಬೇಕು ಎಂಬ ಪಟ್ಟಿಯನ್ನು ಮಧ್ಯವರ್ತಿ ಸಂಸ್ಥೆಗಳು ಮಾಡುತ್ತವೆ. ಆ ದೇಶದ ಔಷಧ ಚೀಟಿಗಳಲ್ಲಿ ನೂರಕ್ಕೆ ಸುಮಾರು 80 ಹಾದುಹೋಗುವುದು ಅಂಥ ಮೂರೇ ಸಂಸ್ಥೆಗಳ ಕೈಯಿಂದ. ಪಟ್ಟಿಯಲ್ಲಿ ಜಾಗ ಬೇಕಾದ ಕಂಪನಿ ಅವರಿಗೆ ರಿಯಾಯಿತಿ ಕೊಡಬೇಕು. ಅದನ್ನು ಲೆಕ್ಕ ಹಾಕುವುದು ಅಚ್ಚಾದ ಬೆಲೆಯ ಮೇಲೆ. ಬೆಲೆ ಏರಿದಷ್ಟೂ ರಿಯಾಯಿತಿಯ ಗಂಟು ದಪ್ಪವಾಗುತ್ತದೆ, ಆದ್ದರಿಂದ ಅಗ್ಗದ ಔಷಧಕ್ಕೆ ಪಟ್ಟಿಯಲ್ಲಿ ಜಾಗ ಸಿಗುವುದೇ ಕಷ್ಟ. 404 ಡಾಲರಿನ ಡಬ್ಬಿ ಹುಟ್ಟಿದ್ದು ಈ ಮಧ್ಯವರ್ತಿಗಳಿಗಾಗಿ. ಇದೇ ಇನ್ಸುಲಿನ್ ರಿಯಾಯಿತಿಗಳ ವಿಷಯದಲ್ಲಿ 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ವ್ಯಾಪಾರ ಆಯೋಗ ಆ ಮೂರು ಸಂಸ್ಥೆಗಳ ಮೇಲೆ ದಾವೆ ಹೂಡಿತು. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಸಂಗಡಿಗರು 1923ರಲ್ಲಿ ತಮ್ಮ ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟಿದ್ದರು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಬೀಳಗಿಯಲ್ಲಿ ನಿಂತು ಅಮೆರಿಕದ ಡಬ್ಬಿಯ ಕಥೆ ಯಾಕೆ ಎನ್ನಬೇಡಿ. ಔಷಧದ ಬೆಲೆಯೆಂದರೆ ತಯಾರಿಕೆಯ ಖರ್ಚು ಮತ್ತು ಅದರ ಮೇಲೊಂದಿಷ್ಟು ಲಾಭ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಖರ್ಚಿನಲ್ಲಿ ವ್ಯತ್ಯಾಸವೇ ಇಲ್ಲದೆ ಬೆಲೆ ಎರಡೂವರೆ ಪಟ್ಟಿಗೂ ಹೆಚ್ಚಾಗಬಲ್ಲದು ಎಂಬುದಕ್ಕೆ ಇಷ್ಟು ಚೊಕ್ಕ ಪುರಾವೆ ನನಗೆ ಬೇರೆಲ್ಲೂ ಸಿಗಲಿಲ್ಲ. ಅದೂ ನಮ್ಮ ರಾಜ್ಯದ ಕಂಪನಿಯ ಸರಕಿನಲ್ಲೇ.

ತಯಾರಿಕೆಯ ಖರ್ಚು ಎಷ್ಟಿರುತ್ತದೆ ಎಂದು ಮೊದಲು ನೋಡೋಣ. ಒಂದು ಕಿಲೋ ಪ್ಯಾರಾಸಿಟಮಾಲ್ ಪುಡಿಯಿಂದ 500 ಮಿಲಿಗ್ರಾಮಿನ 2000 ಗುಳಿಗೆ ಆಗುತ್ತವೆ. ಸಗಟು ಪೇಟೆಯಲ್ಲಿ ಆ ಪುಡಿಗೆ ಕಿಲೋಗೆ ಕೆಲವು ನೂರು ರೂಪಾಯಿ. ಬಿಪಿಗೆ ಕೊಡುವ 5 ಮಿಲಿಗ್ರಾಮಿನ ಅಮ್ಲೊಡಿಪಿನ್ ಆದರೆ ಕಿಲೋ ಪುಡಿಗೆ ಲಕ್ಷಕ್ಕೂ ಹೆಚ್ಚು ಗುಳಿಗೆ. ಮಿಕ್ಕದ್ದು ಪಿಷ್ಟ, ಗುಳಿಗೆ ಒತ್ತುವ ಯಂತ್ರ, ಅಲ್ಯೂಮಿನಿಯಂ ಹಾಳೆ, ರಟ್ಟಿನ ಡಬ್ಬಿ, ಪರೀಕ್ಷೆ, ಕೂಲಿ. ಹಳೆಯ, ನಿತ್ಯದ ಔಷಧಗಳಲ್ಲಿ ಇದೆಲ್ಲ ಸೇರಿದರೂ ಒಂದೊಂದು ಗುಳಿಗೆಗೆ ಪೈಸೆಗಳ ಲೆಕ್ಕವೇ. ಯಾರೂ ಲೆಕ್ಕಕ್ಕೆ ಹಿಡಿಯದ ಖರ್ಚೂ ಇದೆ. ಔಷಧದ ಮೂಲದ್ರವ್ಯ ಮಾಡುವ ಕಾರ್ಖಾನೆಗಳು ಬೀದರದ ಕೊಳಾರ ಕೈಗಾರಿಕಾ ಪ್ರದೇಶದಲ್ಲಿವೆ.  ಅಲ್ಲಿಯ ಸುತ್ತಲಿನ ಹಳ್ಳಿಯವರು, ಯಾದಗಿರಿಯ ಕಡೇಚೂರು ಕಡೆಯವರು ವರ್ಷಗಳಿಂದ ದುರ್ನಾತದ, ಕೆಟ್ಟ ನೀರಿನ ದೂರು ಹೇಳುತ್ತಿದ್ದಾರೆ. ಗುಳಿಗೆ ಅಗ್ಗವಾಗಿ ತಯಾರಾಗುವುದರಲ್ಲಿ ಅವರ ಪಾಲೂ ಇದೆ, ಅದಕ್ಕೆ ಅವರಿಗೆ ಯಾರೂ ರೊಕ್ಕ ಕೊಟ್ಟಿಲ್ಲ.

ಪೈಸೆಯ ಗುಳಿಗೆ ರೂಪಾಯಿಗಳಾಗುವುದು ಹೇಗೆ? ಎರಡು ಹಿಡಿತಗಳಿಂದ. ಒಂದು ಪೇಟೆಂಟಿನದು, ಇನ್ನೊಂದು ಹೆಸರಿನದು. ಮೊದಲಿನದರ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಓದಿರುತ್ತೀರಿ, ನಾನು ಬೇಗ ಮುಗಿಸುತ್ತೇನೆ.

ಸ್ವಾತಂತ್ರ್ಯ ಬಂದ ಹೊತ್ತಿಗೆ ನಮ್ಮಲ್ಲಿದ್ದದ್ದು 1911ರ ಬ್ರಿಟಿಷ್ ಕಾಲದ ಪೇಟೆಂಟ್ ಕಾನೂನು. ಅದರ ಕೆಳಗೆ ಔಷಧದ ಬೆಲೆ ಎಷ್ಟು ಏರಿತ್ತೆಂದರೆ, ಅಮೆರಿಕದ ಸಂಸತ್ತಿನಲ್ಲಿ ಸೆನೆಟರ್ ಕೆಫಾವರ್ ನಡೆಸಿದ ವಿಚಾರಣೆಯ ವರದಿ, ಔಷಧ ಅತಿ ದುಬಾರಿಯಾದ ದೇಶಗಳ ಸಾಲಿನಲ್ಲಿ ಭಾರತವನ್ನು ಹೆಸರಿಸಿತು. ಬಡ ದೇಶ, ಶ್ರೀಮಂತ ಬೆಲೆ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಕೊಟ್ಟ ವರದಿ ದಾರಿ ತೋರಿಸಿತು. ಅದರಂತೆ ಬಂದ 1970ರ ಕಾಯಿದೆ, ಔಷಧ ಮಾಡುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡಬಹುದು, ಔಷಧಕ್ಕೇ ಕೊಡುವಂತಿಲ್ಲ ಎಂದಿತು. ಬೇರೆ ದಾರಿಯಿಂದ ಅದೇ ಔಷಧ ಮಾಡಬಲ್ಲವರು ಮಾಡಿದರು, ಬೆಲೆ ಇಳಿಯಿತು. 2001ರಲ್ಲಿ ಸಿಪ್ಲಾದ ಯೂಸುಫ್ ಹಮೀದ್, ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮಿಕ್ಕಿದ್ದ ಎಚ್‌ಐವಿ ಔಷಧಗಳನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇನೆ ಎಂದದ್ದು ಈ ಕಾನೂನಿನ ಬಲದಿಂದಲೇ. ಎಚ್‌ಐವಿಯ ಪೆಟ್ಟು ಜೋರಾಗಿ ಬಿದ್ದ ಬಾಗಲಕೋಟೆ ಜಿಲ್ಲೆಗೆ ಆ ಮಾತಿನ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ.

ವಿಶ್ವ ವ್ಯಾಪಾರ ಒಪ್ಪಂದಕ್ಕೆ ಕಟ್ಟುಬಿದ್ದು 2005ರಿಂದ ಔಷಧಕ್ಕೇ ಪೇಟೆಂಟ್ ಕೊಡುವುದು ಮತ್ತೆ ಶುರುವಾಯಿತು. ಫಲ ತಿಳಿಯಲು ಒಂದೇ ಉದಾಹರಣೆ ಸಾಕು. ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರಿಗೆ ಕೊಡುವ ಸೊರಾಫೆನಿಬ್ ಎಂಬ ಗುಳಿಗೆಗೆ ಬೇಯರ್ ಕಂಪನಿ ತಿಂಗಳಿಗೆ 2,80,428 ರೂಪಾಯಿ ಇಟ್ಟಿತ್ತು. 2012ರ ಮಾರ್ಚ್ 9ರಂದು ಪೇಟೆಂಟ್ ನಿಯಂತ್ರಕರು ಹೈದರಾಬಾದಿನ ನ್ಯಾಟ್ಕೋಗೆ ಕಡ್ಡಾಯ ಪರವಾನಗಿ ಕೊಟ್ಟರು. ಬೇಯರಿಗೆ ಗೌರವಧನವನ್ನೂ ಕೊಟ್ಟು ನ್ಯಾಟ್ಕೋ ಅದನ್ನು 8,880 ರೂಪಾಯಿ ಮೀರದ ಬೆಲೆಗೆ ಮಾರಿತು. ದೇಶ ಇಂಥ ಪರವಾನಗಿ ಕೊಟ್ಟದ್ದು ಆ ಒಂದೇ ಸಲ. 2013ರ ಏಪ್ರಿಲ್ 1ರಂದು ರಕ್ತದ ಕ್ಯಾನ್ಸರಿನ ಔಷಧವಾದ ಗ್ಲೀವೆಕ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಹಳೆಯ ಔಷಧಕ್ಕೆ ಹೊಸ ರೂಪ ಕೊಟ್ಟು ಪೇಟೆಂಟ್ ಕೇಳುವುದನ್ನು ತಳ್ಳಿಹಾಕಿತು. 2025ರಲ್ಲಿ ಮಕ್ಕಳ ಬೆನ್ನುಹುರಿಯ ಸ್ನಾಯುಕ್ಷಯಕ್ಕೆ ಕೊಡುವ ರಿಸ್ಡಿಪ್ಲಾಮ್ ಔಷಧದ ಸರದಿ. ರೋಶ್ ಕಂಪನಿಯ ಒಂದು ಬಾಟಲಿ ಆರು ಲಕ್ಷ ರೂಪಾಯಿಯ ಆಸುಪಾಸು ಇತ್ತು. ದಿಲ್ಲಿ ಹೈಕೋರ್ಟ್ ತಡೆ ಕೊಡಲು ಒಪ್ಪದೇ ಹೋದದ್ದರಿಂದ ಅದೇ ನ್ಯಾಟ್ಕೋ 15,900 ರೂಪಾಯಿಗೆ ತಂದಿತು.

ಕಂಪನಿಗಳು ಹೇಳುವ ಸಮಾಧಾನ ಸಂಶೋಧನೆಯ ಖರ್ಚಿನದು. ಅದು ಸುಳ್ಳಲ್ಲ. ಸೋತ ಪ್ರಯೋಗಗಳ ಖರ್ಚನ್ನೂ ಗೆದ್ದ ಔಷಧವೇ ಹೊರಬೇಕು. ಆದರೆ ಆ ಖರ್ಚು ಎಷ್ಟು ಎಂದು ಕೇಳಿದರೆ, ಉದ್ಯಮಕ್ಕೆ ಹತ್ತಿರದ ಟಫ್ಟ್ಸ್ ಕೇಂದ್ರದ ಲೆಕ್ಕ ಒಂದು ಔಷಧಕ್ಕೆ 260 ಕೋಟಿ ಡಾಲರ್, 2020ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲಿ ಬಂದ ಲೆಕ್ಕ ಸರಾಸರಿ 130 ಕೋಟಿ. ಅರ್ಧಕ್ಕರ್ಧ ವ್ಯತ್ಯಾಸ! 2010ರಿಂದ 2016ರವರೆಗೆ ಅಲ್ಲಿ ಒಪ್ಪಿಗೆ ಪಡೆದ 210 ಹೊಸ ಔಷಧಗಳಲ್ಲಿ ಪ್ರತಿಯೊಂದರ ಹಿಂದಿನ ವಿಜ್ಞಾನಕ್ಕೂ ಅಲ್ಲಿಯ ಸರ್ಕಾರದ ತೆರಿಗೆ ಹಣ ಸಂದಿತ್ತು ಎಂದು ಇನ್ನೊಂದು ಅಧ್ಯಯನ ಹೇಳುತ್ತದೆ. ಖರ್ಚು ಆಗಲೇ ಆಗಿಹೋದದ್ದು. ಬೆಲೆ ಇಡುವ ದಿನ ಕಂಪನಿ ನೋಡುವುದು ಎದುರಾಳಿ ಇದ್ದಾನೋ ಇಲ್ಲವೋ ಎಂದು.

ಇನ್ನು ಹೆಸರಿನ ಹಿಡಿತ. ಅದು ನಮ್ಮ ಭಾಗದ ಮಾತು. ಜಮಖಂಡಿ, ಮುಧೋಳ, ಬೀಳಗಿಗಳ ಮೆಡಿಕಲ್ ಅಂಗಡಿಗಳಲ್ಲಿ ದಿನಾ ಮಾರಾಟವಾಗುವ ಔಷಧಗಳಲ್ಲಿ ಬಹುಪಾಲಿನವುಗಳ ಪೇಟೆಂಟ್ ಮುಗಿದು ದಶಕಗಳಾದವು. ರಬಕವಿ-ಬನಹಟ್ಟಿಯ ನೇಕಾರರು ನುಂಗುವ ಬಿಪಿ ಗುಳಿಗೆ, ಕಬ್ಬಿನ ಗದ್ದೆಯಿಂದ ಬಂದವರು ಕೇಳುವ ನೋವಿನ ಗುಳಿಗೆ, ಮುದುಕರ ಶುಗರ್ ಗುಳಿಗೆ, ಯಾವುದರ ಮೇಲೂ ಯಾರ ಹಕ್ಕೂ ಇಲ್ಲ. ಮಾಡುವವರು ನೂರಾರು. ಅರ್ಥಶಾಸ್ತ್ರದ ಪಾಠದಂತೆ ಬೆಲೆ ನೆಲಕ್ಕೆ ಇಳಿಯಬೇಕಿತ್ತು. ಇಳಿಯಲಿಲ್ಲ, ಯಾಕೆಂದರೆ ಇಲ್ಲಿ ಆರಿಸುವವರು ಒಬ್ಬರು, ರೊಕ್ಕ ಕೊಡುವವರು ಇನ್ನೊಬ್ಬರು. ಚೀಟಿಯ ಮೇಲೆ ವೈದ್ಯರು ಔಷಧದ ಹೆಸರು ಬರೆಯುವುದಿಲ್ಲ, ಕಂಪನಿ ಇಟ್ಟ ಹೆಸರು ಬರೆಯುತ್ತಾರೆ. ಹೀಗಾಗಿ ಕಂಪನಿಗಳ ಪೈಪೋಟಿ ಬೆಲೆಯಲ್ಲಿ ನಡೆಯುವುದಿಲ್ಲ, ವೈದ್ಯರ ಮೇಜಿನ ಮುಂದೆ ನಡೆಯುತ್ತದೆ. ಬ್ಯಾಗು ಹಿಡಿದು ದವಾಖಾನೆಯ ಹೊರಗೆ ಕಾಯುವ ಎಂಆರ್ (ಔಷಧ ಕಂಪನಿಯ ಪ್ರತಿನಿಧಿ) ಹುಡುಗರ ಪಗಾರ, ಸ್ಯಾಂಪಲ್ಲು, ಸಮ್ಮೇಳನ, ಅದಕ್ಕೂ ಮೀರಿದ್ದು, ಎಲ್ಲವೂ ಗುಳಿಗೆಯ ಬೆಲೆಯೊಳಗೇ ಇವೆ.

ಇದನ್ನು ನ್ಯಾಯಾಲಯಕ್ಕೆ ಒಯ್ದದ್ದು ಆ ಎಂಆರ್‌ಗಳ ಸಂಘವೇ ಎಂಬುದು ಸ್ವಾರಸ್ಯದ ಸಂಗತಿ. ಔಷಧ ಪ್ರತಿನಿಧಿಗಳ ಅಖಿಲ ಭಾರತ ಒಕ್ಕೂಟ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಅರ್ಜಿಯ ವಿಚಾರಣೆ 2022ರ ಆಗಸ್ಟಿನಲ್ಲಿ ನಡೆದಾಗ, ಬೆಂಗಳೂರಿನ ಕಂಪನಿಯೊಂದು ಡೋಲೋ-650 ಬರೆಯಿಸಲು ವೈದ್ಯರಿಗೆ ಸಾವಿರ ಕೋಟಿ ರೂಪಾಯಿಯ ಉಡುಗೊರೆ ಹಂಚಿತೆಂದು ತೆರಿಗೆ ಇಲಾಖೆ ಆರೋಪಿಸಿದೆ ಎಂಬ ಮಾತು ಬಂತು. ಕೋವಿಡ್ ಬಂದಾಗ ತಮಗೂ ಅದನ್ನೇ ಬರೆದುಕೊಟ್ಟಿದ್ದರು ಎಂದು ಪೀಠದಲ್ಲಿದ್ದ ನ್ಯಾಯಮೂರ್ತಿ ಚಂದ್ರಚೂಡ್ ಹೇಳಿದರು. ಕಂಪನಿ ಆರೋಪ ಅಲ್ಲಗಳೆಯಿತು. ಕೋವಿಡ್ ವರ್ಷದಲ್ಲಿ ಆ ಗುಳಿಗೆಯ ಮಾರಾಟವೇ 350 ಕೋಟಿ, ಅದಕ್ಕೆ ಸಾವಿರ ಕೋಟಿ ಯಾರು ಸುರಿಯುತ್ತಾರೆ ಎಂದು ಕೇಳಿತು. ಅಂಕಿಯ ವಿಷಯದಲ್ಲಿ ಕಂಪನಿಯ ಪ್ರಶ್ನೆ ನನಗೂ ಸರಿಯೆನಿಸುತ್ತದೆ. ಆದರೆ ಅದೇ ವರ್ಷದ ಫೆಬ್ರುವರಿಯಲ್ಲಿ, ಬೇರೊಂದು ಮೊಕದ್ದಮೆಯಲ್ಲಿ, ವೈದ್ಯರಿಗೆ ಕೊಟ್ಟ ಉಡುಗೊರೆಯನ್ನು ಕಂಪನಿಗಳು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ ಎಂದು ಅದೇ ಕೋರ್ಟ್ ತೀರ್ಪು ಕೊಟ್ಟಿತ್ತು. ಇಲ್ಲದ ಖರ್ಚಿಗೆ ತೆರಿಗೆ ವಿನಾಯಿತಿ ಯಾರೂ ಕೇಳುವುದಿಲ್ಲ.

ವೈದ್ಯರನ್ನು ಬೈಯಲು ನಾನು ಈ ವೇದಿಕೆ ಹತ್ತಿಲ್ಲ. ಅಂಗಡಿಯ ಗಲ್ಲೆಯ ಹಿಂದೆಯೂ ಒಂದು ಲೆಕ್ಕವಿದೆ. ಬೆಲೆ ನಿಯಂತ್ರಣದ ಔಷಧದಲ್ಲಿ ಅಂಗಡಿಯವರಿಗೆ ನೂರಕ್ಕೆ 16, ಸ್ಟಾಕಿಸ್ಟಿಗೆ 8. ನಿಯಂತ್ರಣವಿಲ್ಲದ್ದರಲ್ಲಿ ರೂಢಿಯಂತೆ 20 ಮತ್ತು 10. ಆದರೆ ಯಾವ ಎಂಆರ್ ಕೂಡ ಹೊತ್ತು ತಿರುಗದ, ಹೆಸರು ಕೇಳದ ಕಂಪನಿಯ ಗುಳಿಗೆಗಳೂ ಇವೆ. ಇವು ಅಂಗಡಿಗೆ ಪುಡಿಗಾಸಿಗೆ ಬರುತ್ತವೆ, ಮೇಲೆ ಅಚ್ಚಾದ ಎಂಆರ್‌ಪಿ ಮಾತ್ರ ಹೆಸರುವಾಸಿ ಕಂಪನಿಯದರ ಪಕ್ಕಕ್ಕೇ ಇರುತ್ತದೆ. ಅಗ್ಗದ್ದು ಕೇಳಿದವರಿಗೆ ನೂರಕ್ಕೆ ಹತ್ತೋ ಇಪ್ಪತ್ತೋ ಬಿಟ್ಟು ಇದನ್ನು ಕೊಟ್ಟರೆ ಗಿರಾಕಿಗೆ ಖುಷಿ, ಅಂಗಡಿಗೆ ಹಲವು ಪಟ್ಟು ಲಾಭ. ಅಗ್ಗವಾಗಿ ತಯಾರಾದ ಗುಳಿಗೆ ಅಗ್ಗವಾಗಿ ರೋಗಿಯ ಕೈಸೇರುತ್ತದೆ ಎಂಬ ಖಾತ್ರಿ ಇಲ್ಲ.

ಈ ಮಧ್ಯದ ಪಾಲು ಎಷ್ಟು ದೊಡ್ಡದು ಎಂಬುದು 2019ರಲ್ಲಿ ಬಯಲಾಯಿತು. ಆ ಫೆಬ್ರುವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ 42 ಕ್ಯಾನ್ಸರ್ ಔಷಧಗಳ ಮೇಲೆ ಒಂದೇ ಒಂದು ಕಟ್ಟು ಹಾಕಿತು: ಕಂಪನಿ ತನ್ನ ಬೆಲೆ ಎಷ್ಟಾದರೂ ಇಟ್ಟುಕೊಳ್ಳಲಿ, ನಡುವಿನವರ ಲಾಭ ನೂರಕ್ಕೆ 30 ಮೀರಬಾರದು. ಅಷ್ಟಕ್ಕೇ 390 ಬ್ರಾಂಡುಗಳ ಬೆಲೆ ಇಳಿಯಿತು, ಕೆಲವು ನೂರಕ್ಕೆ 87ರಷ್ಟು. ನಮ್ಮ ಭಾಗದವರು ಕ್ಯಾನ್ಸರ್ ಎಂದರೆ ಮಿರಜಿಗೆ, ಬೆಳಗಾವಿಗೆ ಓಡುತ್ತಾರೆ. ಹೊಲ ಒತ್ತೆಯಿಟ್ಟು ಕೊಟ್ಟ ರೊಕ್ಕದಲ್ಲಿ ಎಷ್ಟೋ ಪಾಲು ಔಷಧಕ್ಕೂ ಹೋಗದೆ, ಅದನ್ನು ಕೈಯಿಂದ ಕೈಗೆ ದಾಟಿಸಿದವರಿಗೆ ಹೋಗುತ್ತಿತ್ತು.

ಸರ್ಕಾರ ಬೆಲೆ ಕಟ್ಟುವುದಿಲ್ಲವೇ? ಕಟ್ಟುತ್ತದೆ, 1970ರಿಂದಲೂ. ಆದರೆ ಕಟ್ಟುವ ರೀತಿಯನ್ನು ನೋಡಬೇಕು. ಕಬ್ಬಿನ ಊರಿನಲ್ಲಿ ಮಾತಾಡುತ್ತಿರುವುದರಿಂದ ಕಬ್ಬಿನಿಂದಲೇ ಹೇಳುತ್ತೇನೆ. ಕಬ್ಬಿಗೆ ಎಫ್‌ಆರ್‌ಪಿ (ಕಾರ್ಖಾನೆ ರೈತರಿಗೆ ಕೊಡಬೇಕಾದ ಕನಿಷ್ಠ ಬೆಲೆ) ನಿಗದಿ ಮಾಡುವಾಗ ಮೊದಲು ಹಿಡಿಯುವುದು ಬೆಳೆಯುವ ಖರ್ಚನ್ನು. 2025-26ಕ್ಕೆ ಕ್ವಿಂಟಾಲಿಗೆ 355 ರೂಪಾಯಿ ಎಂದದ್ದು ಹಾಗೆ. ಅದು ಸಾಲದೆಂದು ರೈತರು ಬೀದಿಗಿಳಿದದ್ದು, ಮುಧೋಳದ ಕಡೆ ಅದು ಬೆಂಕಿಯವರೆಗೆ ಹೋದದ್ದು ನಿಮಗೆ ಗೊತ್ತು. ಔಷಧಕ್ಕೂ ಹಿಂದೆ ಲೆಕ್ಕ ಹೀಗೇ ಇತ್ತು. 1995ರ ಔಷಧ ಬೆಲೆ ನಿಯಂತ್ರಣ ಆದೇಶದಲ್ಲಿ ಕಾರ್ಖಾನೆಯ ಖರ್ಚು ಹಿಡಿದು, ಅದರ ಮೇಲೆ ಹೆಚ್ಚೆಂದರೆ ನೂರಕ್ಕೆ ನೂರು ಸೇರಿಸಿ, ಅದರಲ್ಲೇ ಎಲ್ಲರ ಪಾಲೂ ಮುಗಿಯಬೇಕಿತ್ತು. ಒಂದು ರೂಪಾಯಿಯದು ಎರಡು ರೂಪಾಯಿ ಆಗಬಹುದಿತ್ತು, ಹತ್ತಲ್ಲ. 2013ರ ಆದೇಶ ಖರ್ಚಿನ ಲೆಕ್ಕವನ್ನೇ ಕೈಬಿಟ್ಟಿತು. ಮಾರುಕಟ್ಟೆಯಲ್ಲಿ ನೂರಕ್ಕೆ ಒಂದು ಪಾಲಾದರೂ ಇರುವ ಬ್ರಾಂಡುಗಳು ಅಂಗಡಿಗೆ ಕೊಡುವ ಬೆಲೆಯ ಸರಾಸರಿ ತೆಗೆದು, 16 ಸೇರಿಸಿ, ಅದನ್ನೇ ಮಿತಿ ಎಂದಿತು. ಪ್ರಚಾರದಿಂದ ಬೆಲೆ ಏರಿಸಿಕೊಂಡವರ ಸರಾಸರಿಯೇ ಮಿತಿಯಾದರೆ ಪ್ರಚಾರದ ಖರ್ಚಿಗೆ ಕಾನೂನಿನ ಮುದ್ರೆ ಬಿದ್ದಂತಾಯಿತು. ಸಕ್ಕರೆ ಕಾರ್ಖಾನೆಗೆ ಹೀಗೆ ಬೆಲೆ ಕಟ್ಟಿದ್ದರೆ ಬೀಳಗಿಯವರು ಸುಮ್ಮನಿರುತ್ತಿದ್ದರೇ? 2015ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಪದ್ಧತಿ ಯುಕ್ತವಲ್ಲ ಎಂಬ ಅರ್ಥದ ಮಾತಾಡಿತು. ಪದ್ಧತಿ ಬದಲಾಗಲಿಲ್ಲ.

ಈ ಬೆಲೆ ನಿಯಂತ್ರಣದ ಹಿಂದೆ ಕರ್ನಾಟಕದ ಒಂದು ಅಧ್ಯಾಯವಿದೆ, ಅದಕ್ಕೆ ಸಲ್ಲಬೇಕಾದ ಪ್ರಚಾರ ಸಂದಿಲ್ಲ. 1979ರಲ್ಲಿ 347 ಔಷಧಗಳು ನಿಯಂತ್ರಣದಲ್ಲಿದ್ದವು. 1987ರಲ್ಲಿ 142ಕ್ಕೆ, 1995ರಲ್ಲಿ 74ಕ್ಕೆ ಇಳಿದವು. 2002ರ ಔಷಧ ನೀತಿ ಇನ್ನಷ್ಟು ಕಡಿಮೆ ಮಾಡಲು ಹೊರಟಾಗ ಅದರ ವಿರುದ್ಧ ಬೆಂಗಳೂರಿನ ನಮ್ಮ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. 2002ರ ನವೆಂಬರ್ 12ರಂದು ಹೈಕೋರ್ಟ್ ತಡೆ ಕೊಟ್ಟಿತು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ 2003ರ ಮಾರ್ಚ್ 10ರಂದು ಆ ತಡೆಯನ್ನು ಅಮಾನತು ಮಾಡಿಸಿಕೊಂಡಿತು. ಆದರೆ ಅದೇ ಆದೇಶದಲ್ಲಿ ಕೋರ್ಟ್ ಒಂದು ಷರತ್ತು ಹಾಕಿತು: ಅತ್ಯಗತ್ಯ, ಜೀವರಕ್ಷಕ ಔಷಧಗಳು ಬೆಲೆ ನಿಯಂತ್ರಣದಿಂದ ಜಾರಬಾರದು. ಇವತ್ತು 384 ಔಷಧಗಳ ರಾಷ್ಟ್ರೀಯ ಅಗತ್ಯ ಪಟ್ಟಿಯನ್ನು ಬೆಲೆ ನಿಯಂತ್ರಣಕ್ಕೆ ಕಟ್ಟಿಹಾಕಿರುವುದರ ಬೇರು ಆ ಷರತ್ತಿನಲ್ಲಿದೆ. ಈ ಹೋರಾಟಕ್ಕೆ ನಮ್ಮ ಭಾಗದಲ್ಲಿ ದನಿಯಾದವರಲ್ಲಿ ಧಾರವಾಡದ ಡ್ರಗ್ ಆ್ಯಕ್ಷನ್ ಫೋರಂ ಕರ್ನಾಟಕವೂ ಒಂದು. ಅದರ ಡಾ. ಗೋಪಾಲ ದಾಬಡೆಯವರು ತಮ್ಮ ವೃತ್ತಿಯವರ ಮುನಿಸು ಕಟ್ಟಿಕೊಂಡೂ ಈ ಮಾತನ್ನು ಕನ್ನಡದಲ್ಲಿ ಆಡುತ್ತ ಬಂದವರು.

ಸಭೆಯಲ್ಲಿ ವೈದ್ಯರೂ ಕೂತಿದ್ದಾರೆ. ಅವರ ಪ್ರಶ್ನೆ ನನಗೆ ಮೊದಲೇ ಕೇಳಿಸುತ್ತದೆ: "ಅಗ್ಗದ್ದು ಕೊಟ್ಟು ಪೇಶಂಟ್‌ಗೆ ಏನರೆ ಆದ್ರ ಹೊಣಿ ಯಾರ್ರಿ?" ಹಗುರಾದ ಪ್ರಶ್ನೆಯಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸರ್ಕಾರದ ನಿಗಮದ ಮೂಲಕ ಬಂದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಶಂಕೆ ಬಿತ್ತು, ಅದರ ಬಳಕೆ ನಿಂತಿತು, ಅಧಿಕಾರಿಗಳ ಅಮಾನತಾಯಿತು. ಇಂಥ ಸುದ್ದಿ ಓದಿದ ವೈದ್ಯರು ಗೊತ್ತಿರುವ ಬ್ರಾಂಡಿಗೇ ಅಂಟಿಕೊಂಡರೆ ನಾನು ಏನು ಹೇಳಲಿ? 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಔಷಧದ ಮೂಲಹೆಸರಿನಲ್ಲೇ (ಜನರಿಕ್) ಬರೆಯಬೇಕು, ಇಲ್ಲವಾದರೆ ಶಿಕ್ಷೆ ಎಂದು ನಿಯಮ ತಂದು, ವೈದ್ಯರ ವಿರೋಧಕ್ಕೆ ಅದೇ ತಿಂಗಳು ತಡೆಹಿಡಿದದ್ದಕ್ಕೆ ಈ ಭಯವೂ ಕಾರಣ. ಆದರೂ ಒಂದು ಮಾತು. ಮನೆಗೆ ಹೋಗಿ ಯಾವುದಾದರೂ ದುಬಾರಿ ಸ್ಟ್ರಿಪ್ಪಿನ ಹಿಂದೆ ನೋಡಿ. ಮಾರುವವರ ಹೆಸರು ದೊಡ್ಡ ಕಂಪನಿಯದಿರುತ್ತದೆ, ತಯಾರಿಸಿದವರ ಹೆಸರು ಎಷ್ಟೋ ಸಲ ಹಿಮಾಚಲದ ಬದ್ದಿಯ ಯಾವುದೋ ಕಾರ್ಖಾನೆಯದು. ಅದೇ ಕಾರ್ಖಾನೆ ಹತ್ತು ಹೆಸರಿಗೆ ಗುಳಿಗೆ ಒತ್ತಿಕೊಡುತ್ತದೆ. ಹೆಚ್ಚು ಬೆಲೆ ಕೊಟ್ಟು ನಾವು ಪರೀಕ್ಷೆಯನ್ನು ಕೊಳ್ಳುತ್ತಿಲ್ಲ. ಪರೀಕ್ಷೆ ಮಾಡಬೇಕಾದದ್ದು ಸರ್ಕಾರದ ಪ್ರಯೋಗಾಲಯ, ಬಳ್ಳಾರಿಯಲ್ಲಿ ಕೈಕೊಟ್ಟದ್ದು ಆ ವ್ಯವಸ್ಥೆ.

ಬೀಳಗಿಯಲ್ಲಿ ಏನು ಸಾಧ್ಯ? ಸರ್ಕಾರಿ ದವಾಖಾನೆಯಲ್ಲಿ ಔಷಧ ಪುಕ್ಕಟೆ ಎಂಬುದೇನೋ ಸರಿ, ಇದ್ದ ದಿನ. ಪುಕ್ಕಟೆ ಕೊಡುವ ಆವರಣದಲ್ಲಿ ಮಾರುವ ಅಂಗಡಿ ಯಾಕೆಂದು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಆಸ್ಪತ್ರೆಯೊಳಗಿನ, ಅಗ್ಗದ ಔಷಧ ಮಾರುವ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಹೇಳಿತು. ಹೈಕೋರ್ಟಿನ ಧಾರವಾಡ ಪೀಠ ಅದಕ್ಕೆ ತಡೆ ಕೊಟ್ಟಿತು. ಪುಕ್ಕಟೆ ಔಷಧ ಮುಗಿದ ದಿನ ರೋಗಿ ಎದುರಿನ ಅಂಗಡಿಗೆ ಹೋಗುವ ಬದಲು ಒಳಗೇ ಅಗ್ಗದ್ದು ಕೊಳ್ಳಲಿ ಎಂಬುದು ನನ್ನ ಪಕ್ಷ. ಆದರೆ ಕೇಂದ್ರದಲ್ಲಿ ಬೇಕಾದ ಗುಳಿಗೆ ಇಲ್ಲದಿದ್ದರೆ ಫಲಕದಿಂದ ರೋಗ ವಾಸಿಯಾಗುವುದಿಲ್ಲ.

ರಾಜಸ್ಥಾನದ ಚಿತ್ತೋರಗಢದಲ್ಲಿ ಜಿಲ್ಲಾಧಿಕಾರಿಯಾಗಿದ್ದ ಸಮಿತ್ ಶರ್ಮಾ ಸಹಕಾರಿ ಅಂಗಡಿಗಳಲ್ಲಿ ಮೂಲಹೆಸರಿನ ಔಷಧ ಮಾರಿಸಿ ತೋರಿಸಿದ್ದರು. ಅಲ್ಲಿಂದ ಮುಂದೆ 2011ರ ಅಕ್ಟೋಬರ್ 2ರಂದು ಆ ರಾಜ್ಯ ಉಚಿತ ಔಷಧ ಯೋಜನೆ ತಂದಿತು. ಸಹಕಾರ ನಮಗೇನು ಹೊಸದಲ್ಲ. 1905ರಲ್ಲೇ ಗದಗಿನ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿತ್ತು. ಕೃಷಿ ಪತ್ತಿನ ಸಂಘಗಳೂ ಜನೌಷಧಿ ಕೇಂದ್ರ ತೆರೆಯಬಹುದು ಎಂದು ಕೇಂದ್ರ ಸರ್ಕಾರ 2023ರ ಜೂನಿನಲ್ಲಿ ಒಪ್ಪಿತು. ಯೂರಿಯಾ ಮಾರುವ ಕಟ್ಟಡದಲ್ಲಿ ಒಂದು ಪ್ರತ್ಯೇಕ ಕೋಣೆ, ನೋಂದಾಯಿತ ಫಾರ್ಮಸಿಸ್ಟ್ ಒಬ್ಬರು, ಇನ್ಸುಲಿನ್ ಇಡಲು ಫ್ರಿಜ್ಜು, ಔಷಧ ನಿಯಂತ್ರಣ ಇಲಾಖೆಯ ಪರವಾನಗಿ, ಇಷ್ಟು ಬೇಕು.

ಆಮೇಲೆ ಒಂದು ತೊಡಕು ಎದುರಾಗುತ್ತದೆ, ಅದನ್ನು ಮುಚ್ಚಿಟ್ಟು ನಾನು ಇಳಿಯಬಾರದು. ಔಷಧ ನಿಯಮಗಳ 65(11ಎ) ಪ್ರಕಾರ, ಚೀಟಿಯಲ್ಲಿ ಬರೆದ ಎಚ್ ಅಥವಾ ಎಕ್ಸ್ ಅನುಸೂಚಿಯ ಔಷಧದ ಬದಲು ಬೇರೆ ತಯಾರಿಕೆಯನ್ನು, ಒಳಗೆ ಅದೇ ದ್ರವ್ಯವಿದ್ದರೂ, ಅಂಗಡಿಯವರು ಕೊಡುವಂತಿಲ್ಲ. ಇಂಥ ಔಷಧಕ್ಕೆ ಬ್ರಾಂಡ್ ಹೆಸರಿನ ಚೀಟಿ ಹಿಡಿದು ಬಂದವರನ್ನು ನಿಮ್ಮ ಸಂಘದ ಫಾರ್ಮಸಿಸ್ಟ್ ಬರಿಗೈಯಲ್ಲಿ ಕಳಿಸಬೇಕಾಗುತ್ತದೆ. ರೋಗಿ ಒಪ್ಪಿದರೆ ಅದೇ ದ್ರವ್ಯದ, ಅದೇ ಪ್ರಮಾಣದ, ಪರೀಕ್ಷೆಯಾದ ಔಷಧ ಕೊಡಬಹುದು ಎಂಬ ಒಂದು ಸಾಲು ಆ ನಿಯಮದಲ್ಲಿ ಸೇರಬೇಕು. ಕೋಣೆಯ ವಿಷಯವನ್ನು ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ಇಡಿ. ಸಾಲಿನ ವಿಷಯವನ್ನು ಸಂಸದರಿಗೆ ಬರೆಯಿರಿ, ಅರ್ಜಿಯಲ್ಲಿ ನಿಯಮದ ಸಂಖ್ಯೆಯನ್ನು ಬಿಡದೆ ನಮೂದಿಸಿ.